23 ಬಾಟಲಿ ಇವೆ, ಮೈಗೆ ಹಾಕುವುದು ಎರಡೇ. ಏನು ಮಾಡಲಿ?

ಹಳೇ ಬನಿಯನ್:
ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಇವತ್ತು ಬರೆಯಲೇಬೇಕಾಯಿತು. ಮುಂದಿನ ತಿಂಗಳಿಂದ ಆರು ತಿಂಗಳು ಕೆಲಸದ ಮೇಲೆ ಮಂಗಳೂರಿನಲ್ಲಿರಬೇಕು. ಯಾವ ಸೆಂಟು ಒಯ್ಯಲಿ ಎಂದು ಬಾಟಲಿಗಳನ್ನೆಲ್ಲ ಮಂಚದ ಮೇಲೆ ಸಾಲಾಗಿ ನಿಲ್ಲಿಸಿದೆ. ಎಣಿಸಿದರೆ 23. ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಇಷ್ಟು ಇಟ್ಟುಕೊಂಡು ದಿನಾ ಅದೇ ಹಸಿರು ಬಾಟಲಿ ಹಾಕಿಕೊಂಡು ಹೋಗುತ್ತೀರಲ್ಲ" ಎಂದಳು.

ನಿಜ. ಆಫೀಸಿಗೆ ಒಂದು ಲಾವಂಚದ ಸೆಂಟು, ಮದುವೆ ಮುಂಜಿಗೆ ಒಂದು ಗಂಧದ ಅತ್ತರು. ಉಳಿದ 21 ಆಯಾ ಕಾಲದ ಹುಚ್ಚು. ಚಳಿ ದೇಶದವರ ವಿಡಿಯೋ ನೋಡಿ ವೆನಿಲಾ, ತಂಬಾಕು, ದಾಲ್ಚಿನ್ನಿ ಅಂತ ತರಿಸಿಕೊಂಡೆ. ಬೆಂಗಳೂರಿನ ಡಿಸೆಂಬರ್ ಬೆಳಗ್ಗೆ ಚೆನ್ನಾಗಿರುತ್ತವೆ. ಮಧ್ಯಾಹ್ನ ಹನ್ನೆರಡಾದರೆ ಮೈಗೆ ಪಾಯಸ ಮೆತ್ತಿಕೊಂಡ ಹಾಗೆ.

ಮಂಗಳೂರಿಗೆ ಯಾವುದನ್ನು ಒಯ್ಯಲಿ? ಉಳಿದದ್ದನ್ನು ಮಾರಲಾ, ಇಟ್ಟುಕೊಳ್ಳಲಾ? ಬಟ್ಟೆಯ ಬಗ್ಗೆಯೂ ಹೇಳಿ. ಇಲ್ಲಿ ದಿನಾ ತುಂಬುತೋಳಿನ ಅಂಗಿ, ಶೂ.

ಕುಡ್ಲದ ಸೆಕೆ:
ವೆನಿಲಾ ಎಲ್ಲ ಅಲ್ಲೇ ಬಿಟ್ಟು ಬನ್ನಿ ಮಾರಾಯ್ರೆ. ಇಲ್ಲಿ ಏಪ್ರಿಲ್‌ನಲ್ಲಿ ಸ್ನಾನ ಮಾಡಿ ಟವೆಲ್ ಒಣಹಾಕುವಷ್ಟರಲ್ಲಿ ಇನ್ನೊಂದು ಸ್ನಾನ ಬೇಕು ಅನಿಸುತ್ತದೆ. ಮೈ ಬಿಸಿಯಾದಷ್ಟೂ ಸೆಂಟು ಬೇಗ ಆವಿಯಾಗುತ್ತದೆ. ಬೆಂಗಳೂರಿನಲ್ಲಿ ನಿಮ್ಮ ಪಕ್ಕದವನಿಗೆ ಮಾತ್ರ ಬರುತ್ತಿದ್ದ ವಾಸನೆ ಇಲ್ಲಿ ಇಡೀ ಸಿಟಿ ಬಸ್ಸಿಗೆ ಬರುತ್ತದೆ. ಸಿಹಿ, ಗಟ್ಟಿ ವಾಸನೆಯಾದರೆ ಎರಡು ಸ್ಟಾಪ್ ಮುಂಚೆ ಜನ ಇಳಿಯುತ್ತಾರೆ.

ನಿಂಬೆ, ಕಿತ್ತಳೆ ಸಿಪ್ಪೆ, ಲಾವಂಚ, ನೆರೋಲಿ ಅನ್ನುವ ಕಿತ್ತಳೆ ಹೂವಿನೆಣ್ಣೆ, ಇಂಥವನ್ನು ತನ್ನಿ. ನಿಂಬೆ ಜಾತಿಯದು ಗಂಟೆ ಎರಡು ಗಂಟೆಯಲ್ಲಿ ಹೋಗಿಬಿಡುತ್ತದೆ ಅಂತ ಎಲ್ಲರೂ ಗೊಣಗುತ್ತಾರೆ. ಹೋಗಲಿ ಬಿಡಿ. 10 ಎಂಎಲ್‌ನ ಸಣ್ಣ ಸ್ಪ್ರೇ ಬಾಟಲಿಯಲ್ಲಿ ಸ್ವಲ್ಪ ತುಂಬಿಸಿ ಬ್ಯಾಗಿನಲ್ಲಿಟ್ಟುಕೊಳ್ಳಿ, ಊಟದ ನಂತರ ಇನ್ನೊಮ್ಮೆ ಹಾಕಿಕೊಂಡರಾಯಿತು.

ಅಂಗಿ ತಿಳಿ ನೀಲಿ ಬೇಡ. ಬೂದು ಬಣ್ಣ ಅಂತೂ ಬೇಡವೇ ಬೇಡ, ಕಂಕುಳ ಕೆಳಗೆ ಭೂಪಟ ಮೂಡುತ್ತದೆ. ಬಿಳಿ, ಇಲ್ಲಾ ಕಡು ನೀಲಿ, ಇಲ್ಲಾ ಸಣ್ಣ ಚಿತ್ತಾರದ ಬಟ್ಟೆ. ಹತ್ತಿ ಅಥವಾ ಲಿನೆನ್. ಪಾಲಿಯೆಸ್ಟರ್ ಬೆರೆತಿದ್ದರೆ ಅದೇ ದಿನ ಗೊತ್ತಾಗುತ್ತದೆ. ಒಳಗೆ ಬನಿಯನ್ ಇರಲಿ. ನಿಮ್ಮ ಹೆಸರಲ್ಲೇ ಇದೆಯಲ್ಲ, ಹೊಸದು ತೆಗೆದುಕೊಳ್ಳಿ ಅಷ್ಟೇ.

ಲೆಕ್ಕದ ಮೇಷ್ಟ್ರು:
23 ಬಾಟಲಿಯಲ್ಲಿ ಒಟ್ಟು ಎಷ್ಟು ಎಂಎಲ್ ಉಳಿದಿದೆ?

ಹಳೇ ಬನಿಯನ್:
ಕೆಲವು 50ರವು, ಕೆಲವು 100ರವು. ಸುಮಾರು 1900 ಇರಬಹುದು.

ಲೆಕ್ಕದ ಮೇಷ್ಟ್ರು:
ಒಂದು ಸಲ ಒತ್ತಿದರೆ ಹೆಚ್ಚುಕಡಿಮೆ 0.1 ಎಂಎಲ್ ಬರುತ್ತದೆ. 1900 ಎಂಎಲ್ ಅಂದರೆ 19,000 ಒತ್ತು. ದಿನಕ್ಕೆ ನಾಲ್ಕು ಒತ್ತಿದರೆ 4,750 ದಿನ. ಅಂದರೆ 13 ವರ್ಷ. ಇವತ್ತಿನಿಂದ ಒಂದೂ ಹೊಸದು ತರದಿದ್ದರೆ. ತರದೆ ಇರುತ್ತೀರಾ?

ಹಳೇ ಬನಿಯನ್:
ಮೇಷ್ಟ್ರೇ, ಈ ಲೆಕ್ಕ ಮನೆಯಲ್ಲಿ ತೋರಿಸಬೇಡಿ.

ಅಂಚೆಚೀಟಿ:
ನನಗೆ ಈ ಲೆಕ್ಕವೇ ಹಿಡಿಸಲಿಲ್ಲ. ಸ್ಟಾಂಪು ಕೂಡಿಡುವವನನ್ನು "ಇಷ್ಟೂ ಕಾಗದ ಯಾವಾಗ ಬರೆದು ಮುಗಿಸುತ್ತೀಯ" ಎಂದು ಯಾರಾದರೂ ಕೇಳುತ್ತಾರಾ? ನನ್ನ ಹತ್ತಿರ 60ಕ್ಕೂ ಜಾಸ್ತಿ ಇವೆ. ದಿನಾ ಹಾಕುವುದಕ್ಕಲ್ಲ. ರಾತ್ರಿ ಊಟವಾದ ಮೇಲೆ ಒಂದನ್ನು ತೆಗೆದು ಕಾಗದದ ಪಟ್ಟಿಗೆ ಒಂದು ಹನಿ ಹಾಕಿ ಮೂಸುತ್ತಾ ಕೂರುತ್ತೇನೆ. ಅದು ನನಗೆ ಸಂಗೀತ ಕೇಳಿದ ಹಾಗೆ.

ಸಂಗ್ರಹಕ್ಕೆ ಒಂದು ದಾರಿ ಇರಬೇಕು, ಇಲ್ಲದಿದ್ದರೆ ಅದು ಗುಜರಿ. ನಾನು ಹಿಡಿದದ್ದು ಗಂಡಸರ ಸೆಂಟಿನ ಚರಿತ್ರೆ. 1938ರಲ್ಲಿ ಬಂದ ಓಲ್ಡ್ ಸ್ಪೈಸ್‌ನಿಂದ ಶುರು. 1959ರ ಗೆರ್ಲಾನ್ ವೆಟಿವರ್, 1966ರ ಓ ಸೊವಾಜ್, 1988ರ ಕೂಲ್ ವಾಟರ್, 2006ರ ಟೆರ್ ದೆರ್ಮೆಸ್. ಒಂದೊಂದೂ ತನ್ನ ಮುಂದಿನ ಇಪ್ಪತ್ತು ವರ್ಷದ ವಾಸನೆಯನ್ನು ತೀರ್ಮಾನ ಮಾಡಿದಂಥದ್ದು. ಓ ಸೊವಾಜ್‌ನಲ್ಲಿ ಹೆಡಿಯೋನ್ ಎಂಬ ಮಲ್ಲಿಗೆ ಗಾಳಿಯಂಥ ವಸ್ತು ಹಾಕಿದರು. ಆಮೇಲೆ ಎಲ್ಲರೂ ಹಾಕಿದರು. ಕೂಲ್ ವಾಟರ್ ಬಂದ ಮೇಲೆ ಶಾಂಪೂ, ಶೇವಿಂಗ್ ಫೋಮ್, ಬಟ್ಟೆ ಸೋಪು ಎಲ್ಲಕ್ಕೂ ಅದೇ ತಣ್ಣನೆಯ ವಾಸನೆ. ಈಗ ಮೂಸಿದರೆ "ಅಯ್ಯೋ, ಇದು ಸೋಪಿನ ವಾಸನೆ" ಅನಿಸುತ್ತದೆ. ಯಾರು ಯಾರನ್ನು ನೋಡಿ ಕಲಿತರು ಅನ್ನುವುದು ಮರೆತುಹೋಗಿದೆ.

ಹಾಗಾಗಿ ಬನಿಯನ್ ಅವರೇ, ಮಾರುವ ಮುಂಚೆ ಕೇಳಿಕೊಳ್ಳಿ: ನೀವು ಹಾಕಿಕೊಳ್ಳುವವರೋ, ಕೂಡಿಡುವವರೋ?

ಲ್ಯಾಬ್ ಕೋಟು:
ಕೂಡಿಡುವವರಾದರೆ ಎಲ್ಲಿಡುತ್ತೀರಿ ಅನ್ನುವುದು ಮುಖ್ಯ. ಸ್ನಾನದ ಮನೆಯ ಕನ್ನಡಿ ಹಿಂದಿನ ಕಪಾಟು ಅತಿ ಕೆಟ್ಟ ಜಾಗ. ಬಿಸಿ ನೀರಿನ ಆವಿ, ತಣ್ಣಗಾಗುವುದು, ಮತ್ತೆ ಬಿಸಿ. ಎರಡನೆಯ ಕೆಟ್ಟ ಜಾಗ ಕಿಟಕಿ ಪಕ್ಕದ ಗಾಜಿನ ಶೋಕೇಸು. ಬೆಳಕಿಗೆ ಮೊದಲು ಹಾಳಾಗುವುದು ನಿಂಬೆ ಜಾತಿಯವು. ಬಟ್ಟೆ ಬೀರುವಿನ ಕೆಳಗಿನ ಖಾನೆ, ಡಬ್ಬಿಯೊಳಗೆ, ಅಷ್ಟು ಸಾಕು. ಅರ್ಧ ಖಾಲಿಯಾದ ಬಾಟಲಿಯಲ್ಲಿ ಗಾಳಿ ಜಾಸ್ತಿ, ಅದನ್ನು ಮೊದಲು ಮುಗಿಸಿ.

ಇನ್ನೊಂದು ವಿಷಯ, ಇದು ನನ್ನದೇ ಮಾನ ಹೋದ ಕಥೆ. ಈಗಿನ ಸೆಂಟುಗಳಲ್ಲಿ ಆಂಬ್ರಾಕ್ಸನ್ ಅನ್ನುವುದು ಬೇಕಾದಷ್ಟಿರುತ್ತದೆ. ತಿಮಿಂಗಿಲದ ಅಂಬರಿನ ಬದಲಿಗೆ ಬಂದದ್ದು, ಕ್ಲಾರಿ ಸೇಜ್ ಗಿಡದಿಂದ ತೆಗೆದ ವಸ್ತುವಿನಿಂದ ಮಾಡುತ್ತಾರೆ. ನನ್ನ ಮೂಗು ಹತ್ತು ನಿಮಿಷದಲ್ಲಿ ಅದಕ್ಕೆ ಒಗ್ಗಿ, ಏನೂ ಬರುತ್ತಿಲ್ಲ ಅನಿಸುತ್ತಿತ್ತು. ಹೋಯಿತು ಅಂದುಕೊಂಡು ಮನೆ ಬಿಡುವಾಗ ಮತ್ತೆ ಐದು ಒತ್ತು. ಒಂದು ದಿನ ಆಫೀಸಿನ ಲಿಫ್ಟಿನಲ್ಲಿ ಜೊತೆಗಿದ್ದ ಹುಡುಗಿ ನಾಲ್ಕನೇ ಮಹಡಿಗೆ ಹೋಗಬೇಕಾದವಳು ಎರಡರಲ್ಲೇ ಇಳಿದು ಮೆಟ್ಟಿಲು ಹತ್ತಿಕೊಂಡು ಹೋದಳು. ಸಂಜೆ ಮ್ಯಾನೇಜರು ನಯವಾಗಿ ಕೇಳಿದರು, "ಮನೆಯಲ್ಲಿ ಪೇಂಟಿಂಗ್ ನಡೀತಿದೆಯಾ?"

ಅವತ್ತಿನಿಂದ ಎರಡೇ ಒತ್ತು. ಅಂಗಿ ಹಾಕುವ ಮುಂಚೆ ಎದೆಗೆ ಒಂದು, ಕತ್ತಿನ ಹಿಂದೆ ಒಂದು. ನಿಮಗೆ ವಾಸನೆ ಬರುತ್ತಿಲ್ಲ ಅಂದರೆ ಹೋಗಿದೆ ಅಂತಲ್ಲ. ಮನೆಯವರನ್ನು ಕೇಳಿ.

ಸಾಣೆಕಲ್ಲು:
ಬನಿಯನ್ ಅವರೇ, ಆ ಗಂಧದ ಅತ್ತರು ಎಲ್ಲಿಂದ ತಂದಿರಿ? ಬೆಲೆ ಎಷ್ಟು?

ಹಳೇ ಬನಿಯನ್:
ಒಂದು ಪ್ರವಾಸಿ ಊರಿನ ಸಂತೆಬೀದಿ ಅಂಗಡಿ. 10 ಎಂಎಲ್‌ಗೆ 250 ರೂಪಾಯಿ. "ಪ್ಯೂರ್ ಮೈಸೂರ್ ಸ್ಯಾಂಡಲ್" ಅಂತ ಚೀಟಿ ಅಂಟಿಸಿದೆ.

ಸಾಣೆಕಲ್ಲು:
ಚೀಟಿ ಮಾತ್ರ ಪ್ಯೂರ್ ಇರಬಹುದು.

ಬೇಜಾರು ಮಾಡಿಕೊಳ್ಳಬೇಡಿ. ಶ್ರೀಗಂಧದ ಎಣ್ಣೆ ಇರುವುದು ಮರದ ತಿರುಳಿನಲ್ಲಿ ಮತ್ತು ಬೇರಿನಲ್ಲಿ. ಹೊರಗಿನ ಬಿಳಿ ಮರದಲ್ಲಿ ವಾಸನೆಯೇ ಇಲ್ಲ. ಆ ತಿರುಳು ಬಲಿಯಲು ಹದಿನೈದು ಇಪ್ಪತ್ತು ವರ್ಷವಾದರೂ ಬೇಕು. ಮರವೂ ಸ್ವಂತ ದುಡಿಮೆಯದಲ್ಲ, ಅಕ್ಕಪಕ್ಕದ ಗಿಡಗಳ ಬೇರಿಗೆ ತನ್ನ ಬೇರು ಚುಚ್ಚಿ ಹೀರಿ ಬದುಕುತ್ತದೆ. ಒಂಟಿಯಾಗಿ ನೆಟ್ಟರೆ ಸೊರಗುತ್ತದೆ. ಇಷ್ಟೆಲ್ಲ ಆಗಿ ಬಂದ ಎಣ್ಣೆ 250 ರೂಪಾಯಿಗೆ ಹೇಗೆ ಸಿಗುತ್ತದೆ ಹೇಳಿ.

ನಮ್ಮಲ್ಲಿ ಗಂಧದ ಮರ ನಿಮ್ಮ ಹಿತ್ತಲಲ್ಲೇ ಹುಟ್ಟಿದರೂ ಸರ್ಕಾರದ್ದು ಅನ್ನುವ ಕಾನೂನು ಬಹಳ ಕಾಲ ಇತ್ತು. 2001ರಲ್ಲಿ ತಿದ್ದುಪಡಿಯಾಗಿ ಜಮೀನಿನವನೇ ಮರದ ಒಡೆಯ ಅಂತಾಯಿತು. ಅಷ್ಟರಲ್ಲಿ ಕಾಡಿನ ಮರ ಮುಗಿಯುತ್ತಾ ಬಂದಿತ್ತು. 1916ರಲ್ಲಿ, ಯುದ್ಧದಿಂದಾಗಿ ಗಂಧದ ಮರ ಯುರೋಪಿಗೆ ಹೋಗುವುದು ನಿಂತಾಗ, ಮೈಸೂರು ಸಂಸ್ಥಾನದವರು ಎಣ್ಣೆ ತೆಗೆಯುವ ಕಾರ್ಖಾನೆಯನ್ನೇ ಶುರು ಮಾಡಿದರು. ಸೋಪು ಬಂದದ್ದು ಅದರ ಬೆನ್ನಿಗೆ. ಈಗ ಅದೇ ಜಾತಿಯ ಮರವನ್ನು ಆಸ್ಟ್ರೇಲಿಯಾದವರು ತೋಟಗಟ್ಟಲೆ ಬೆಳೆಸಿ ಎಣ್ಣೆ ಮಾರುತ್ತಿದ್ದಾರೆ. ನಮಗೆ ಹಾಡಿಗಷ್ಟೇ ಗಂಧದ ನಾಡು.

ನಿಜವಾದದ್ದು ಹೇಗಿರುತ್ತದೆ ಅಂದರೆ, ಗಮ್ಮೆಂದು ಮೂಗಿಗೆ ಹೊಡೆಯುವುದಿಲ್ಲ. ನಮ್ಮಜ್ಜ ಪೂಜೆಗೆ ಗಂಧ ತೇಯುತ್ತಿದ್ದರು. ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ನೀರು, ಕೊರಡು ಹಿಡಿದು ಒಂದೇ ಸಮ ಸುತ್ತು. ಮೊದಲು ಬರುವುದು ಒದ್ದೆ ಕಲ್ಲಿನ ವಾಸನೆ. ಆಮೇಲೆ ಕೆನೆಯಂಥ ಗಂಧ ಬಟ್ಟಲಂಚಿಗೆ ಕೂಡುತ್ತಿದ್ದಂತೆ ಮೆಲ್ಲಗೆ, ಬಿಸಿ ಹಾಲಿನ ಪಕ್ಕ ನಿಂತ ಹಾಗೆ, ಒಂದು ಕಂಪು. ಹತ್ತಿರ ಹೋದರೆ ಉಂಟು, ದೂರ ಹೋದರೆ ಇಲ್ಲ. ಬೆಳಗ್ಗೆ ಹಣೆಗೆ ಹಚ್ಚಿದ್ದು ಸಂಜೆಯೂ ಅದೇ ವಾಸನೆ. ಬಾಟಲಿ ತೆರೆದ ತಕ್ಷಣ ಕೂಗಾಡುವ "ಸ್ಯಾಂಡಲ್" ಕಂಡರೆ ಅನುಮಾನ ಪಡಿ.

ಅಂಚೆಚೀಟಿ:
ಇದಕ್ಕೆ ಸೇರಿಸುತ್ತೇನೆ. ಅತ್ತರಿಗೆ ಹೆಸರಾದ ಉತ್ತರ ಪ್ರದೇಶದ ಕನೌಜಿನಲ್ಲೂ ಇದೇ ಗೋಳು. ಅಲ್ಲಿ ಡೇಗ್ ಎಂಬ ತಾಮ್ರದ ಹಂಡೆಯಲ್ಲಿ ಹೂವು ನೀರು ಹಾಕಿ, ಮಣ್ಣು ಮೆತ್ತಿ ಮುಚ್ಚಿ, ಕೆಳಗೆ ಸೌದೆ ಉರಿ. ಆವಿ ಬಿದಿರಿನ ಕೊಳವೆಯಲ್ಲಿ ಹೋಗಿ ತಣ್ಣೀರಲ್ಲಿ ಕೂರಿಸಿದ ಭಪ್ಕಾ ಎಂಬ ಪಾತ್ರೆಗೆ ಇಳಿಯುತ್ತದೆ. ಭಪ್ಕಾದೊಳಗೆ ಮೊದಲೇ ಹಾಕಿಟ್ಟ ಗಂಧದೆಣ್ಣೆ ಹೂವಿನ ವಾಸನೆಯನ್ನು ಹಿಡಿದುಕೊಳ್ಳುತ್ತದೆ. ಗಂಧದ ಬೆಲೆ ಏರಿದ ಮೇಲೆ ಬಹಳ ಜನ ಅದರ ಬದಲು ಲಿಕ್ವಿಡ್ ಪ್ಯಾರಾಫಿನ್ ಹಾಕುತ್ತಾರೆ. ಆದರೂ ಮಿಟ್ಟಿ ಅತ್ತರು ಒಂದನ್ನು ಎಲ್ಲರೂ ಮೂಸಲೇಬೇಕು. ಸುಟ್ಟ ಮಣ್ಣನ್ನೇ ಬೇಯಿಸಿ ತೆಗೆದದ್ದು. ಮೊದಲ ಮಳೆಯ ಆ ವಾಸನೆಗೆ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು 1964ರಲ್ಲಿ ಪೆಟ್ರಿಕೋರ್ ಅಂತ ಹೆಸರಿಟ್ಟರು. ಕನೌಜಿನವರು ಅದಕ್ಕೂ ಬಹಳ ಮುಂಚೆಯೇ ಬಾಟಲಿಗೆ ತುಂಬಿ ಮಾರುತ್ತಿದ್ದರು.

ಹಳೇ ಬನಿಯನ್:
250 ರೂಪಾಯಿಯ ಅತ್ತರಿನ ಇನ್ನೊಂದು ಕಥೆ ಹೇಳಿಬಿಡುತ್ತೇನೆ. ಗೆಳೆಯನ ಮದುವೆಗೆ ರೇಷ್ಮೆ ಪಂಚೆ, ಶಲ್ಯ. ಛತ್ರದ ಮೆಟ್ಟಿಲಲ್ಲಿ ಅತ್ತರು ಮಣಿಕಟ್ಟಿಗೆ ಹಚ್ಚಿ, ಆ ಕೈಯಲ್ಲೇ ಜಾರುತ್ತಿದ್ದ ಶಲ್ಯ ಎತ್ತಿಕೊಂಡೆ. ಎಂಟಾಣೆ ಅಗಲದ ಎಣ್ಣೆ ಕಲೆ, ಸರಿಯಾಗಿ ಜರಿ ಅಂಚಿನ ಮೇಲೆ. ಡ್ರೈ ಕ್ಲೀನಿಂಗಿಗೆ ಎರಡು ಸಲ ಕೊಟ್ಟೆ. ಈಗ ಕಲೆ ಇನ್ನೂ ಸ್ವಲ್ಪ ಅಗಲವಾಗಿದೆ. ಫೋಟೋದಲ್ಲೆಲ್ಲ ಬಲಗೈ ಅಡ್ಡ ಹಿಡಿದು ನಿಂತಿದ್ದೇನೆ.

ಇಸ್ತ್ರಿ ಪೆಟ್ಟಿಗೆ:
ರೇಷ್ಮೆಗೆ ಸೆಂಟೂ ತಾಗಿಸಬಾರದು, ಅತ್ತರೂ ತಾಗಿಸಬಾರದು. ಬೆಳ್ಳಿ ಜರಿಯಾದರೆ ಕಪ್ಪಾಗುವುದೂ ಉಂಟು. ಕಿವಿಯ ಹಿಂದೆ ಹಚ್ಚಿ, ಹತ್ತು ನಿಮಿಷ ಬಿಟ್ಟು ಶಲ್ಯ ಹಾಕಿಕೊಳ್ಳಿ.

ಇಡೀ ಚರ್ಚೆ ಓದಿದೆ. ಎಲ್ಲರೂ ಮೂಗಿನ ಬಗ್ಗೆಯೇ ಬರೆದಿದ್ದೀರಿ. ನಾನು ದಿನಾ ನೋಡುವುದು ಬೇರೆ. ಐದು ಸಾವಿರದ ಸೆಂಟು, ಕಾಲರಿನ ಒಳಗೆ ಕೊಳೆಯ ಗೆರೆ. ಅಂಗಿಯ ಭುಜದ ಹೊಲಿಗೆ ತೋಳಿನ ಅರ್ಧಕ್ಕೆ ಇಳಿದಿರುತ್ತದೆ. ಆ ಹೊಲಿಗೆ ಸರಿಯಾಗಿ ಭುಜದ ಮೂಳೆ ಮುಗಿಯುವ ಕಡೆ ಕೂರಬೇಕು. ಸೊಂಟ, ಉದ್ದ ಎಲ್ಲ ದರ್ಜಿ ಸರಿಮಾಡುತ್ತಾನೆ, ಭುಜ ಮಾತ್ರ ಬಿಚ್ಚಿ ಹೊಲಿಯುವುದು ಕಷ್ಟ. ಕೊಳ್ಳುವಾಗ ಭುಜ ನೋಡಿ ಕೊಳ್ಳಿ. ಪ್ಯಾಂಟು ಶೂ ಮೇಲೆ ಮೂರು ಮಡಿಕೆ ಬಿದ್ದಿದ್ದರೆ ಒಂದೂವರೆ ಇಂಚು ಕತ್ತರಿಸಿ. ಮೂಲೆಯ ದರ್ಜಿಗೆ ಹತ್ತು ನಿಮಿಷದ ಕೆಲಸ. ಯಾವ ಬಾಟಲಿಯೂ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಬದಲಾವಣೆ ಮಾಡುವುದಿಲ್ಲ.

ಮಂಗಳೂರಿಗೆ ಶೂ ಯಾಕೆ? ಶನಿವಾರ ಭಾನುವಾರಕ್ಕಾದರೂ ಅಥಣಿ ಕಡೆಯ ಚರ್ಮದ ಚಪ್ಪಲಿ ತೆಗೆದುಕೊಳ್ಳಿ. ಕೊಲ್ಹಾಪುರಿ ಅಂತ ಹೆಸರು, ಆದರೆ ಅದರ ಜಿಐ ಗುರುತಿನಲ್ಲಿ, ಅಂದರೆ ಯಾವ ಊರಿನ ಮಾಲು ಅಂತ ಸರ್ಕಾರ ಕೊಡುವ ಗುರುತಿನಲ್ಲಿ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಯ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಇವೆ. 2025ರಲ್ಲಿ ಮಿಲಾನಿನಲ್ಲಿ ಪ್ರಾಡಾ ಎಂಬ ಇಟಲಿಯ ಫ್ಯಾಷನ್ ಕಂಪನಿಯವರು ಅದೇ ಥರದ ಚಪ್ಪಲಿ ಮೆರವಣಿಗೆ ಮಾಡಿಸಿ ಗಲಾಟೆಯಾಯಿತಲ್ಲ, ಅದೇ ಇದು. ಮಳೆಗಾಲಕ್ಕೆ ಮಾತ್ರ ಬೇಡ, ನೆಂದರೆ ಹಪ್ಪಳವಾಗುತ್ತದೆ.

ಶಾರ್ಜಾ ಸೋಮಾರಿ:
ಸೆಕೆಗೆ ತೆಳು ವಾಸನೆಯೇ ಆಗಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಇಲ್ಲಿ ಜುಲೈನಲ್ಲಿ 45 ಡಿಗ್ರಿ. ಆದರೂ ಜನ ಊದ್, ಗುಲಾಬಿ, ಕೇಸರಿ ಹಚ್ಚಿಕೊಂಡು ತಿರುಗುತ್ತಾರೆ, ಯಾರಿಗೂ ತಲೆನೋವು ಬರುವುದಿಲ್ಲ. ಮೊದಲು ಎಣ್ಣೆ ಅತ್ತರು ಒಂದು ಗೀರು, ಆಮೇಲೆ ಬಟ್ಟೆಗೆ ಬಖೂರ್ ಅನ್ನುವ ಧೂಪದ ಹೊಗೆ, ಕೊನೆಗೆ ಬೇಕಾದರೆ ಸ್ಪ್ರೇ. ನಮ್ಮಜ್ಜಿ ತಲೆಸ್ನಾನ ಮಾಡಿಸಿ, ಬುಟ್ಟಿ ಬೋರಲು ಹಾಕಿ, ಕೆಳಗೆ ಸಾಂಬ್ರಾಣಿ ಕೆಂಡವಿಟ್ಟು ಕೂದಲು ಒಣಗಿಸುತ್ತಿದ್ದದ್ದೂ ಇದೇ ಅಲ್ವಾ? ಊದ್ ಕೂಡ ಅರಬ್ಬರ ಮರವಲ್ಲ. ನಮ್ಮ ಅಸ್ಸಾಮಿನ ಅಗರು.

ಕುಡ್ಲದ ಸೆಕೆ:
ನಿಮ್ಮಲ್ಲಿ ಮನೆ ಎಸಿ, ಕಾರು ಎಸಿ, ಆಫೀಸು ಎಸಿ. 45 ಡಿಗ್ರಿ ಇರುವುದು ಪಾರ್ಕಿಂಗ್ ಜಾಗದಲ್ಲಿ ಮಾತ್ರ. 15 ನಂಬರ್ ಬಸ್ಸಿನಲ್ಲಿ ಊದ್ ಹಚ್ಚಿಕೊಂಡು ನಿಂತು ನೋಡಿ, ಆಮೇಲೆ ಮಾತಾಡುವ.

ಶಾರ್ಜಾ ಸೋಮಾರಿ:
ಸರಿ, ಬಸ್ಸಿನ ಮಾತು ಒಪ್ಪಿದೆ. 😄

ದವನದ ಕಟ್ಟು:
ಗಂಡಸರ ಮಾತಿನ ಮಧ್ಯೆ ತಲೆ ಹಾಕುತ್ತಿದ್ದೇನೆ. ನಮ್ಮದು ಹೂವಿನ ವ್ಯಾಪಾರದ ಮನೆ. ನೀವೆಲ್ಲ "ಪಚೌಲಿ ನೋಟ್" ಅಂತ ಬರೆಯುವಾಗ ನಗು ಬರುತ್ತದೆ. ಮಲ್ಲಿಗೆ ದಂಡೆಯ ಮಧ್ಯೆ ನಾವು ಕಟ್ಟುವ ಪಚ್ಚೆತೆನೆ ಅದೇ ಕುಟುಂಬದ್ದು. ದವನವನ್ನಂತೂ ಸೆಂಟಿನವರು ದುಡ್ಡು ಕೊಟ್ಟು ಒಯ್ಯುತ್ತಾರೆ. ದವನದ ಎಣ್ಣೆ ಬರುವುದೇ ಹೆಚ್ಚಾಗಿ ನಮ್ಮ ದಕ್ಷಿಣದ ಹೊಲಗಳಿಂದ. ಸ್ವಲ್ಪ ಹಣ್ಣಿನ ಹಾಗೆ, ಸ್ವಲ್ಪ ರಮ್ಮಿನ ಹಾಗೆ, ಒಬ್ಬೊಬ್ಬರ ಮೈಮೇಲೆ ಒಂದೊಂದು ಥರ. ದವನದ ಹುಣ್ಣಿಮೆ ಹೊತ್ತಿಗೆ ಒಂದು ಕಟ್ಟು ತಂದು ಅಂಗಿಯ ಜೇಬಿನಲ್ಲಿಟ್ಟು ನೋಡಿ.

ಮಂಗಳೂರಿಗೆ ಹೋಗುವ ಅಣ್ಣನಿಗೆ: ಕರಾವಳಿಯಲ್ಲಿ ಸುರಗಿ ಹೂ ಸಿಗುತ್ತದೆ. ಒಣಗಿದ ಮೇಲೂ ವಾಸನೆ ಹೋಗುವುದಿಲ್ಲ. ಒಣ ಸುರಗಿಯ ಒಂದು ಸರವನ್ನು ಬಟ್ಟೆಯ ಕಪಾಟಿನಲ್ಲಿ ನೇತುಹಾಕಿ. ರಂಜದ ಹೂವೂ ಹಾಗೆಯೇ. ಲಾವಂಚದ ಬೇರು ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ, ಒಂದು ಹಿಡಿ ಬನಿಯನ್‌ಗಳ ನಡುವೆ ಇಡಿ. ಮಳೆಗಾಲದಲ್ಲಿ ಬಟ್ಟೆಗೆ ಬರುವ ಆ ಮುಗ್ಗಲು ವಾಸನೆಗೆ ಸೆಂಟು ಉಪಯೋಗವಿಲ್ಲ, ಮೇಲೆ ಹೊಡೆದರೆ ಎರಡೂ ಸೇರಿ ಮೂರನೆಯದಾಗುತ್ತದೆ.

ಹೊಸಬ:
ಕಾಲೇಜು ಕೊನೆ ವರ್ಷ. ನನ್ನ ಹತ್ತಿರ 1500 ರೂಪಾಯಿ ಇದೆ. ಒಂದು ದೊಡ್ಡ ಕಂಪನಿಯ ಸೆಂಟು, ಏಳು ಸಾವಿರದ್ದು, ಆನ್‌ಲೈನಲ್ಲಿ 1499ಕ್ಕೆ ಸಿಗುತ್ತಿದೆ. ತೆಗೆದುಕೊಳ್ಳಲಾ?

ಅಂಚೆಚೀಟಿ:
ಬೇಡ.

ಲ್ಯಾಬ್ ಕೋಟು:
ಬೇಡ. ನಾನೂ ಹಾಗೇ ಒಬ್ಬ ಮಾರಾಟಗಾರನಿಂದ ತರಿಸಿದ್ದೆ. ಡಬ್ಬಿ ನೋಡಿದರೆ ಅಸಲೇ. ಆದರೆ ಡಬ್ಬಿಯ ಕೆಳಗಿನ ಬ್ಯಾಚ್ ನಂಬರೂ ಬಾಟಲಿಯ ಕೆಳಗಿನ ನಂಬರೂ ಬೇರೆ ಬೇರೆ. ಮುಚ್ಚಳ ಅಲ್ಲಾಡುತ್ತಿತ್ತು, ಒತ್ತಿದರೆ ಮಂಜಿನ ಬದಲು ಹನಿ ಹನಿಯಾಗಿ ಚಿಮ್ಮಿತು. ಇಪ್ಪತ್ತು ನಿಮಿಷದಲ್ಲಿ ಉಳಿದದ್ದು ಬರೀ ಸ್ಪಿರಿಟ್ ವಾಸನೆ, ಕತ್ತಿನಲ್ಲಿ ಕೆಂಪು ಗುಳ್ಳೆ. ದುಡ್ಡು ವಾಪಸ್ ಬರಲೇ ಇಲ್ಲ.

1500ರಲ್ಲಿ ಮೂರು ನಾಲ್ಕು ಅಸಲಿ ಸೆಂಟಿನ ಡಿಕ್ಯಾಂಟ್, ಅಂದರೆ ದೊಡ್ಡ ಬಾಟಲಿಯಿಂದ ಸಣ್ಣ ಬಾಟಲಿಗೆ ತುಂಬಿಸಿದ್ದು, ಬರುತ್ತದೆ, ನಂಬುವವರ ಹತ್ತಿರ ಕೊಳ್ಳಿ. ಒಂದೊಂದನ್ನೂ ವಾರ ಪೂರ್ತಿ ಹಾಕಿ. ಅಂಗಡಿಯಲ್ಲಿ ಐದು ನಿಮಿಷ ಮೂಸಿದರೆ ತಿಳಿಯುವುದು ಮೊದಲ ವಾಸನೆ ಮಾತ್ರ, ನೀವು ದಿನವಿಡೀ ಬದುಕಬೇಕಾದದ್ದು ಕೊನೆಯದರ ಜೊತೆ.

ಇಸ್ತ್ರಿ ಪೆಟ್ಟಿಗೆ:
ಅಥವಾ 1500ರಲ್ಲಿ ಒಂದು ಒಳ್ಳೆ ಬಿಳಿ ಹತ್ತಿ ಅಂಗಿ ಹೊಲಿಸಿ, ಉಳಿದದ್ದರಲ್ಲಿ ಗಂಧದ ಸೋಪು. ಇಂಟರ್‌ವ್ಯೂಗೆ ಅಷ್ಟು ಸಾಕು.

ಹೊಸಬ:
ಅಂಗಿಯೇ ಸರಿ ಅನಿಸುತ್ತಿದೆ. ಥ್ಯಾಂಕ್ಸ್ ಅಣ್ಣಂದಿರಾ, ಅಕ್ಕಾ.

ಹಳೇ ಬನಿಯನ್:
ಎಲ್ಲರಿಗೂ ಸಮಾಚಾರ. ಮಂಗಳೂರಿಗೆ ಬಂದು ಮೂರು ವಾರವಾಯಿತು. ಆರು ಬಾಟಲಿ ತಂದಿದ್ದೆ, ದಿನಾ ಕೈ ಹೋಗುವುದು ಅದೇ ಹಸಿರು ಬಾಟಲಿಗೆ. ಒಂದು ನಿಂಬೆಯದನ್ನು ಸಂಜೆಗೆ ಇಟ್ಟುಕೊಂಡಿದ್ದೇನೆ. ಕುಡ್ಲದವರ ಮಾತು ಕೇಳದೆ ಒಂದು ದಿನ ದಾಲ್ಚಿನ್ನಿಯದು ಹಾಕಿ ಹೋದೆ. ಕ್ಯಾಂಟೀನಿನವರು "ಸರ್, ಬಿರಿಯಾನಿ ತಂದಿದ್ದೀರಾ" ಎಂದು ಕೇಳಿದರು.

ಸಾಣೆಕಲ್ಲು ಅವರ ಮಾತು ಕೇಳಿ ಆ ಅತ್ತರನ್ನು ಕಾಗದಕ್ಕೆ ಹಚ್ಚಿ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಅಲ್ಲಿದ್ದದ್ದು ಬರೀ ಎಣ್ಣೆ ಕಲೆ. ಆದರೂ ಎಸೆಯಲು ಮನಸ್ಸು ಬರಲಿಲ್ಲ, ಮೂರು ಮದುವೆಯ ವಾಸನೆ ಅದು. ಸುರಗಿ ಸರ ಸಿಕ್ಕಿತು, ಬಾಡಿಗೆ ಮನೆಯ ಕಪಾಟಿನ ಬಾಗಿಲು ತೆಗೆದರೆ ಸಾಕು.

ಬೆಂಗಳೂರಿನಲ್ಲಿ ಉಳಿದ 17ರಲ್ಲಿ ಹನ್ನೊಂದನ್ನು ಕೊಡುತ್ತೇನೆ. ಪಟ್ಟಿ ಭಾನುವಾರ ಹಾಕುತ್ತೇನೆ. ಅಂಚೆಚೀಟಿ ಅವರ ಪ್ರಶ್ನೆಗೆ ಉತ್ತರ: ಹಾಕಿಕೊಳ್ಳುವವನು.

ಅಂಚೆಚೀಟಿ:
ಹಾಗಾದರೆ ಆ ಹಸಿರು ಬಾಟಲಿ ಹಳೇ ಬ್ಯಾಚಿನದಾದರೆ ನನಗೆ ಕೊಡಿ, ಒಳ್ಳೆ ಬೆಲೆ ಕೊಡುತ್ತೇನೆ.

ಹಳೇ ಬನಿಯನ್:
ಅದೊಂದು ಬಿಟ್ಟು ಕೇಳಿ.

ಲೆಕ್ಕದ ಮೇಷ್ಟ್ರು:
ಹನ್ನೊಂದು ಹೋದರೆ ಇನ್ನೂ ಆರೇಳು ವರ್ಷಕ್ಕಾಗುತ್ತದೆ.